ಹಳೇ ಸೆಸ್ನಾ 172 ಸಾಕೋದು: ಯಾವ ಅಪ್‌ಗ್ರೇಡ್‌ಗೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. 1975ರ ಸೆಸ್ನಾ 172ಎಂ ಒಳ್ಳೇ ವಿಮಾನ. ದುಡ್ಡು ಉಳಿಸೋಕೆ ಅಂತ ಕೊಳ್ಳೋದಾದರೆ ಮಾತ್ರ ಬೇಡ. ಬೇಕಾದಾಗ ಬೀಗ ತೆಗೆದು, ಯಾರನ್ನೂ ಕೇಳದೆ ಹತ್ತಿ ಹಾರೋ ಸುಖಕ್ಕೆ ಅಂತಾದರೆ, ಇದಕ್ಕಿಂತ ತಲೆನೋವು ಕಡಿಮೆ ಇರೋ ಹಳೇ ವಿಮಾನ ಸಿಗೋದು ಕಷ್ಟ. ಅಪ್‌ಗ್ರೇಡ್ ವಿಷಯದಲ್ಲಿ ಮಾತ್ರ ನನ್ನದೊಂದು ಹಠ ಇದೆ. ಕಣ್ಣಿಗೆ ಕಾಣದ ಕಡೆ ಮೊದಲು ಖರ್ಚು ಮಾಡಿ, ಪ್ಯಾನೆಲ್‌ನಲ್ಲಿ ಮಿನುಗೋ ಪರದೆ ಆಮೇಲೆ. ಮಾರಾಟಕ್ಕಿರೋ 172ಗಳ ಜಾಹೀರಾತು ನೋಡಿ, ಮೊದಲ ಫೋಟೋ ಯಾವಾಗಲೂ ಪ್ಯಾನೆಲ್‌ದೇ. ಎಂಜಿನ್ ಫೋಟೋ ಇರೋದಿಲ್ಲ, ಸೀಟಿನ ಹಳಿ ಫೋಟೋ ಅಂತೂ ಇಲ್ಲವೇ ಇಲ್ಲ. ಮೇಲೆ ಥಳುಕು ಒಳಗೆ ಹುಳುಕು ಅನ್ನೋ ಮಾತು ಈ ಮಾರ್ಕೆಟ್‌ಗೆ ಅಂತಲೇ ಹುಟ್ಟಿದ ಹಾಗಿದೆ.

ನಾನಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ವಿಮಾನ ಇರೋದು ಊರೊಳಗಿನ ರೀಡ್-ಹಿಲ್‌ವ್ಯೂ ನಿಲ್ದಾಣದಲ್ಲಿ. ಒಬ್ಬನೇ ಮಾಲೀಕ ಅಲ್ಲ, ಧಾರವಾಡದ ಗೆಳೆಯರೊಬ್ಬರ ಜೊತೆ ಅರ್ಧ ಅರ್ಧ. ಹ್ಯಾಂಗರ್ ಇಲ್ಲ, ಬಯಲಲ್ಲೇ ಹಗ್ಗ ಕಟ್ಟಿ ನಿಲ್ಲಿಸುತ್ತೇವೆ. ಈ ಕಡೆ ಹ್ಯಾಂಗರ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು.

172 ಗೊತ್ತಿಲ್ಲದವರಿಗೆ ಎರಡು ಮಾತು. 1956ರಿಂದ ಮಾರಾಟಕ್ಕೆ ಬಂದ ನಾಲ್ಕು ಸೀಟಿನ ವಿಮಾನ, ಇದುವರೆಗೆ 44 ಸಾವಿರಕ್ಕೂ ಜಾಸ್ತಿ ತಯಾರಾಗಿವೆ. ಪ್ರಪಂಚದಲ್ಲಿ ಬೇರೆ ಯಾವ ವಿಮಾನವನ್ನೂ ಇಷ್ಟು ಸಂಖ್ಯೆಯಲ್ಲಿ ಮಾಡಿಲ್ಲ. ಜಕ್ಕೂರಿನ ಆಸುಪಾಸಿನವರು ಇದನ್ನು ತಲೆ ಮೇಲೆ ನೋಡಿರುತ್ತಾರೆ. ಮೊದಲು ಕಾಂಟಿನೆಂಟಲ್ ಕಂಪನಿಯ ಆರು ಸಿಲಿಂಡರಿನ 145 ಎಚ್‌ಪಿ ಎಂಜಿನ್ ಇತ್ತು, 1968ರಿಂದ ಲೈಕಮಿಂಗ್ ಓ-320 ಬಂತು, ನಾಲ್ಕು ಸಿಲಿಂಡರ್, 150 ಎಚ್‌ಪಿ. ನಮ್ಮದು ಅದೇ. 1977ರಲ್ಲಿ ಬಂದ ಎನ್ ಮಾದರಿಗೆ 160 ಎಚ್‌ಪಿ ಕೊಟ್ಟರು, ಆದರೆ ಆ ಎಚ್2ಎಡಿ ಎಂಜಿನ್‌ನ ಕ್ಯಾಮ್ (ವಾಲ್ವ್‌ಗಳನ್ನು ತೆರೆಯಿಸೋ ದಂಡ) ಸವೆತದ ಕಥೆ ಹಳೇ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಹಾಗಾಗಿ ಎಂ ಮಾದರಿ ಹುಡುಕೋರು ಜಾಸ್ತಿ.

ಹಾರೋಕೆ ಹೇಗಿದೆ? ನಿಧಾನ. ಸೆಸ್ನಾ ಪುಸ್ತಕದಲ್ಲಿ 8,000 ಅಡಿಯಲ್ಲಿ, 75% ಶಕ್ತಿಯಲ್ಲಿ ಗಂಟೆಗೆ ಸುಮಾರು 138 ಮೈಲಿ ಅಂತಿದೆ. ಐವತ್ತು ವರ್ಷದ ಬಣ್ಣ, ತಗ್ಗು ಉಬ್ಬು ಎಲ್ಲ ಸೇರಿ ನಮಗೆ ಸಿಗೋದು 125ರ ಹತ್ತಿರ. ಹೌದು, ಮೈಲಿಯೇ. 1976ರಿಂದ ನಾಟ್ ಲೆಕ್ಕ, ಅಂದರೆ ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಅನ್ನೋದು, ಬಂತು, ಅದಕ್ಕೂ ಮುಂಚಿನ ಮೀಟರುಗಳಲ್ಲಿ ಮೈಲಿ ದೊಡ್ಡದಾಗಿ ಬರೆದಿರುತ್ತದೆ, ನಾಟ್ ಮೂಲೆಯಲ್ಲಿ. ಹೊಸ 172ರಲ್ಲಿ ಕಲಿತು ಬಂದವರು ಇದನ್ನು ಮೊದಲು ತಲೆಗೆ ಹಾಕಿಕೊಳ್ಳಬೇಕು. ಇಳಿಯುವಾಗ 65 ಅಂದರೆ ಹೊಸದರಲ್ಲಿ 65 ನಾಟ್, ಇದರಲ್ಲಿ 65 ಮೈಲಿ. ಎರಡೂ ಒಂದೇ ಅಲ್ಲ.

ಫ್ಲಾಪ್, ಅಂದರೆ ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಾಗೋ ಹಲಗೆ, ಅದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳಬೇಕು, ಯಾಕಂದರೆ ಈ ವಿಮಾನದಲ್ಲಿ ನನಗೆ ಅತಿ ಇಷ್ಟದ ಭಾಗ ಅದು. 1981ರಲ್ಲಿ ಬಂದ ಪಿ ಮಾದರಿಯಿಂದ 30 ಡಿಗ್ರಿಗೆ ನಿಲ್ಲಿಸಿಬಿಟ್ಟರು. ನಮ್ಮದು 40 ಡಿಗ್ರಿವರೆಗೆ ಇಳಿಯುತ್ತದೆ. ಪೂರ್ತಿ ಇಳಿಸಿ, ಥ್ರಾಟಲ್ ಎಳೆದು ಎಂಜಿನ್ ತಗ್ಗಿಸಿದರೆ ಮೂತಿ ನೆಲ ನೋಡುತ್ತದೆ, ಮುಂದಿನ ಗಾಜಿನ ತುಂಬ ಬರೀ ರನ್‌ವೇ, ಆದರೂ ಸ್ಪೀಡ್ ಏರೋದಿಲ್ಲ. ಎತ್ತರದಲ್ಲಿ ಬಂದುಬಿಟ್ಟರೂ ಸುಮ್ನೆ ಕೆಳಗೆ ಬಂದು ಕೂರಬಹುದು. ರೀಡ್-ಹಿಲ್‌ವ್ಯೂನ ರನ್‌ವೇಗಳು 3,000 ಅಡಿ ಆಸುಪಾಸು, ಸುತ್ತ ಮನೆ, ಪಕ್ಕದಲ್ಲೇ ಮಾಲ್. ಅಲ್ಲಿ ಇದು ವರ. ಆದರೆ ಇಳಿಯೋದು ಬೇಡ, ಮತ್ತೆ ಏರೋಣ ಅಂದಾಗ 40 ಡಿಗ್ರಿ ಇಟ್ಟುಕೊಂಡು 150 ಎಚ್‌ಪಿ ಏರಲ್ಲ ಅನ್ನುತ್ತದೆ. ಮೊದಲು 20ಕ್ಕೆ ತರಬೇಕು, ಅದೂ ಎಲೆಕ್ಟ್ರಿಕ್ ಮೋಟರಿನ ನಿಧಾನದಲ್ಲಿ. ಜೊತೆಗೆ ಇನ್‌ಸ್ಟ್ರಕ್ಟರ್ ಕೂರಿಸಿಕೊಂಡು ಇದೊಂದನ್ನು ಚೆನ್ನಾಗಿ ಅಭ್ಯಾಸ ಮಾಡಿ, ಆಮೇಲೆ ಹೆಂಡತಿ ಮಕ್ಕಳನ್ನು ಹತ್ತಿಸಿ.

ಇನ್ನು ಕಾಣದ ಖರ್ಚುಗಳು.

ಮೊದಲನೇದು ಸೀಟಿನ ಹಳಿ. ಸೀಟು ನೆಲದ ಮೇಲಿನ ಎರಡು ಹಳಿಯಲ್ಲಿ ಹಿಂದೆ ಮುಂದೆ ಜಾರುತ್ತದೆ, ಹಳಿಯ ತೂತಿಗೆ ಪಿನ್ ಬಿದ್ದರೆ ನಿಲ್ಲುತ್ತದೆ. ವರ್ಷಗಟ್ಟಲೆ ಓಡಾಡಿ ತೂತು ಅಂಡಾಕಾರಕ್ಕೆ ತಿರುಗುತ್ತದೆ, ಪಿನ್ ಮೊಂಡಾಗುತ್ತದೆ. ಟೇಕಾಫ್‌ನಲ್ಲಿ ಸೀಟು ಹಿಂದಕ್ಕೆ ಜಾರಿದರೆ ಪೈಲಟ್ ಕೈಯಲ್ಲಿರೋ ಯೋಕ್, ಅಂದರೆ ವಿಮಾನದ ಸ್ಟೀರಿಂಗ್, ಹಿಡಿದೇ ಹಿಂದೆ ಹೋಗುತ್ತಾನೆ, ಮೂತಿ ಆಕಾಶಕ್ಕೆ ಎದ್ದುಬಿಡುತ್ತದೆ. ಜೀವ ಹೋಗಿದೆ ಇದರಿಂದ. 1987ರಲ್ಲೇ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಇದರ ಮೇಲೆ ಕಡ್ಡಾಯ ತಪಾಸಣೆ ಹೇರಿತು. ನಾವು ಹೊಸ ಹಳಿ ಹಾಕಿಸಿ, ಸೀಟು ಜಾರಿದರೂ ಹಿಡಿದು ನಿಲ್ಲಿಸೋ ಎರಡನೇ ಪಟ್ಟಿಯ ಕಿಟ್ ಕೂರಿಸಿದೆವು. ಫೋಟೋದಲ್ಲಿ ಏನೂ ಕಾಣಲ್ಲ. ನನ್ನ ಪ್ರಕಾರ ಇದೇ ನಂಬರ್ ಒನ್ ಅಪ್‌ಗ್ರೇಡ್.

ಎರಡನೇದು ಭುಜದ ಬೆಲ್ಟ್. ಹಳೇದರಲ್ಲಿ ಇತ್ತು, ಇಲ್ಲ ಅಂತಲ್ಲ. ಆದರೆ ಅದು ಎಳೆದು ಬಿಗಿಯೋ ಜಾತಿ, ಬಿಗಿದರೆ ಮುಂದೆ ಬಗ್ಗಿ ಎರಡು ಸೀಟಿನ ನಡುವೆ ನೆಲದಲ್ಲಿರೋ, ಯಾವ ಟ್ಯಾಂಕಿನ ಇಂಧನ ಬೇಕು ಅಂತ ಆರಿಸೋ ಸೆಲೆಕ್ಟರ್‌ಗೆ ಕೈ ಹಾಕೋದು ಕಷ್ಟ. ಹಾಗಾಗಿ ಯಾರೂ ಹಾಕಿಕೊಳ್ಳೋದಿಲ್ಲ. ಕಾರಿನ ಹಾಗೆ ತಾನೇ ಸುತ್ತಿಕೊಳ್ಳೋ ನಾಲ್ಕು ಪಟ್ಟಿಯ ಬೆಲ್ಟ್ ಹಾಕಿಸಿದ ಮೇಲೆ ಹತ್ತಿದವರೆಲ್ಲ ಹೇಳದೇ ಹಾಕಿಕೊಳ್ಳುತ್ತಾರೆ. ಇದರ ಜೊತೆಗೇ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಈ ವಿಮಾನದ ಹೀಟರ್ ಅಂದರೆ ಎಕ್ಸಾಸ್ಟ್ ಕೊಳವೆ ಸುತ್ತಿದ ತಗಡಿನ ಕವಚ, ಅದರೊಳಗಿಂದ ಬಂದ ಬಿಸಿ ಗಾಳಿ ನೇರ ಕ್ಯಾಬಿನ್‌ಗೆ. ಕೊಳವೆಯಲ್ಲಿ ಒಂದು ಬಿರುಕು ಬಿದ್ದರೆ ಹೊಗೆ ನಮ್ಮ ಮೂಗಿಗೇ, ಅದೂ ವಾಸನೆ ಇಲ್ಲದ ವಿಷ. ಅಲಾರಂ ಬೆಲೆ ಒಂದು ಟ್ಯಾಂಕ್ ಇಂಧನಕ್ಕಿಂತ ಕಡಿಮೆ. ಹಾಕಿಸದಿರೋಕೆ ಕಾರಣವೇ ಇಲ್ಲ.

ಮೂರನೇದು ಎಂಜಿನ್ ಮಾನಿಟರ್. 1975ರಲ್ಲಿ ಫ್ಯಾಕ್ಟರಿಯವರು ಕೊಟ್ಟದ್ದು ಆಯಿಲ್ ಒತ್ತಡ, ಆಯಿಲ್ ಬಿಸಿ, ಅಷ್ಟೇ. ಈಗ ಜೆಪಿಐ ಕಂಪನಿಯದೊಂದು ಚಿಕ್ಕ ಮೀಟರ್ ಪ್ರತಿ ಸಿಲಿಂಡರಿನ ತಲೆಯ ಬಿಸಿ, ಹೊಗೆಯ ಬಿಸಿ ಬೇರೆ ಬೇರೆ ತೋರಿಸುತ್ತದೆ. ಇದರಿಂದ ಏನು ಉಪಯೋಗ ಅಂದರೆ, ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್ ಇರುತ್ತವೆ, ಒಂದು ಸತ್ತರೂ ಎಂಜಿನ್ ಓಡುತ್ತಲೇ ಇರುತ್ತದೆ, ಕಿವಿಗೆ ಗೊತ್ತಾಗೋದೂ ಕಷ್ಟ, ಆದರೆ ಬೆಂಕಿ ನಿಧಾನವಾಗಿ ಉರಿದು ಆ ಸಿಲಿಂಡರಿನ ಹೊಗೆ ಮಾತ್ರ ಬಿಸಿ ಏರುತ್ತದೆ, ಮೀಟರಿನಲ್ಲಿ ಅದರ ಕಡ್ಡಿ ಎದ್ದು ಕಾಣುತ್ತದೆ. ಯಾವ ಪ್ಲಗ್ ಅಂತ ಹುಡುಕೋಕೆ ಎಂಟನ್ನೂ ಬಿಚ್ಚಬೇಕಿಲ್ಲ.

ಎಂಜಿನ್‌ನ ಮುಖ್ಯ ವಿಷಯ ಇನ್ನೊಂದಿದೆ. ಈ ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ ಇರೋದು ಕ್ರ್ಯಾಂಕಿನ ಮೇಲ್ಗಡೆ. ಎಂಜಿನ್ ಓಡುವಾಗ ಚಿಮ್ಮೋ ಆಯಿಲ್ಲೇ ಅದಕ್ಕೆ ಗತಿ. ವಾರಗಟ್ಟಲೆ ನಿಲ್ಲಿಸಿದರೆ ಆಯಿಲ್ ಎಲ್ಲ ಕೆಳಗೆ ಇಳಿದು ಕ್ಯಾಮ್ ಒಣಗುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ, ಆಮೇಲೆ ಓಡಿಸಿದಾಗ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಅದಕ್ಕೇ ಜಾಹೀರಾತಿನಲ್ಲಿ ‘ತುಂಬ ಕಡಿಮೆ ಗಂಟೆ ಹಾರಿದ ಎಂಜಿನ್’ ಅಂತ ಹೆಮ್ಮೆಯಿಂದ ಬರೆದಿದ್ದರೆ ನಾನು ಎರಡು ಹೆಜ್ಜೆ ಹಿಂದೆ ಇಡುತ್ತೇನೆ. ಲಾಗ್‌ಬುಕ್ ತೆಗೆದು ನೋಡಿ, ವರ್ಷಕ್ಕೆ ಹತ್ತು ಗಂಟೆ ಹಾರಿದ ಎಂಜಿನ್‌ಗಿಂತ ನೂರು ಗಂಟೆ ಹಾರಿದ್ದು ವಾಸಿ. ಓವರ್‌ಹಾಲ್‌ಗೆ, ಅಂದರೆ ಎಂಜಿನ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟೋಕೆ, ಕಂಪನಿ ಹೇಳೋದು 2,000 ಗಂಟೆ. ಮಾಡಿಸಿದರೆ 30 ಸಾವಿರ ಡಾಲರ್ ಮೇಲೆಯೇ. ಅದನ್ನು ಲೆಕ್ಕಕ್ಕೆ ಹಿಡಿಯದೆ ವಿಮಾನದ ಬೆಲೆ ಮಾತಾಡಬೇಡಿ.

ಫ್ಯಾಕ್ಟರಿಯಿಂದ ಬಂದಾಗ ಇಂಥ ಎಂಜಿನ್‌ಗಳಲ್ಲಿ ಆಯಿಲ್‌ಗೆ ಬರೀ ಜಾಲರಿ ಇರುತ್ತಿತ್ತು, 25 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಫಿಲ್ಟರ್ ಕೂರಿಸೋ ಅಡಾಪ್ಟರ್ ಹಾಕಿದರೆ 50 ಗಂಟೆಗೆ ಹೋಗುತ್ತದೆ. ಆಯಿಲ್ ಬದಲಿಸೋದು ಮಾಲೀಕ ತಾನೇ ಮಾಡಬಹುದಾದ ಕೆಲಸ, ಕಾನೂನೇ ಬಿಟ್ಟಿದೆ. ಪೈಲಟ್ ಲೈಸೆನ್ಸ್ ಇದ್ದರೆ ಸಾಕು, ಮಾಡಿ ಲಾಗ್‌ನಲ್ಲಿ ಸಹಿ ಹಾಕಬಹುದು. ಹಳೇ ಫಿಲ್ಟರ್ ಎಸೆಯಬಾರದು. ಅದರ ಡಬ್ಬಿ ಕತ್ತರಿಸೋಕೆ ಅಂತಲೇ ಒಂದು ಉಪಕರಣ ಸಿಗುತ್ತದೆ, ಸುತ್ತ ತಿರುಗಿಸಿದರೆ ಮುಚ್ಚಳ ಬಿಚ್ಚಿ ಬರುತ್ತದೆ. ಒಳಗಿನ ಮಡಿಕೆ ಕಾಗದ ಕೊಯ್ದು, ಆಯಿಲ್ ಹಿಂಡಿ, ಉದ್ದಕ್ಕೆ ಬಿಡಿಸಿ ಬಿಸಿಲಿಗೆ ಹಿಡಿದು ನೋಡಬೇಕು. ಕಪ್ಪು ಮಸಿ ಇದ್ದರೆ ಇರಲಿ, ಅದು ಕಾರ್ಬನ್. ಮಿನುಗೋದೇನಾದರೂ ಕಂಡರೆ ಅಯಸ್ಕಾಂತ ತಾಗಿಸಬೇಕು. ಅಂಟಿದರೆ ಉಕ್ಕು, ಅಂದರೆ ಕ್ಯಾಮ್ ಕಡೆ ಅನುಮಾನ. ನಮ್ಮ ಪಾಲುದಾರರು ಇದನ್ನು ಮಾಡುವಾಗ ಮಾತೇ ಆಡೋದಿಲ್ಲ. ಕಾಗದ ಪೂರ್ತಿ ಬಿಡಿಸಿ ‘ಏನೂ ಇಲ್ರಿ, ಚಹಾ ಕುಡಿಯೋಣ’ ಅಂದಾಗಲೇ ನನಗೂ ಉಸಿರು.

ಇಂಧನದ ಕಥೆ ನಮ್ಮ ನಿಲ್ದಾಣದಲ್ಲಿ ಬೇರೆಯೇ. ಸಣ್ಣ ವಿಮಾನಗಳ ಮಾಮೂಲಿ ಪೆಟ್ರೋಲ್ 100ಎಲ್‌ಎಲ್, ಅದರಲ್ಲಿ ಸೀಸ ಇದೆ. ಸುತ್ತ ಮನೆಗಳಿರೋದರಿಂದ ಸ್ಯಾಂಟಾ ಕ್ಲಾರಾ ಕೌಂಟಿ 2022ರ ಜನವರಿ 1ರಿಂದ ಇಲ್ಲಿ ಅದನ್ನು ಮಾರೋದು ನಿಲ್ಲಿಸಿತು. ದೊಡ್ಡ ಎಂಜಿನ್‌ನವರು ಕಷ್ಟಪಟ್ಟರು. ನಮ್ಮ 150 ಎಚ್‌ಪಿ ಎಂಜಿನ್ ಹುಟ್ಟಿದ್ದೇ 80 ಆಕ್ಟೇನ್ ಪೆಟ್ರೋಲಿಗೆ, ಹಾಗಾಗಿ ಸೀಸವಿಲ್ಲದ ಯುಎಲ್94 ಆರಾಮಾಗಿ ಕುಡಿಯುತ್ತದೆ. ಸ್ವಿಫ್ಟ್ ಕಂಪನಿಯ ಅನುಮತಿ ಪತ್ರ, ಅಂದರೆ ಎಸ್‌ಟಿಸಿ, ಸುಮಾರು 100 ಡಾಲರ್. ಬೇರೆ ಊರಲ್ಲಿ 100ಎಲ್‌ಎಲ್ ತುಂಬಿಸಿ ಎರಡನ್ನೂ ಬೆರೆಸಿದರೂ ತೊಂದರೆ ಇಲ್ಲ. ಮೊದಲು ಕೆಳಗಿನ ಪ್ಲಗ್‌ಗಳಲ್ಲಿ ಸೀಸದ ಚಿಕ್ಕ ಚಿಕ್ಕ ಗುಂಡು ಕಟ್ಟಿಕೊಂಡು, ದಂತವೈದ್ಯರ ಕಡ್ಡಿಯಂಥದ್ದರಲ್ಲಿ ಕೆರೆದು ತೆಗೆಯೋದೇ ಒಂದು ಕೆಲಸ ಆಗಿತ್ತು. ಈಗ ಪ್ಲಗ್ ಬಿಚ್ಚಿದರೆ ಒರೆಸಿ ಹಾಕೋದು ಅಷ್ಟೇ. ಆದರೆ ಎಲ್ಲ ಸರಿ ಇದೆ ಅಂತ ನಾನು ಹೇಳೋದಿಲ್ಲ. ನಾರ್ತ್ ಡಕೋಟ ವಿಶ್ವವಿದ್ಯಾಲಯ 2023ರಲ್ಲಿ ತನ್ನ ತರಬೇತಿ ವಿಮಾನಗಳಿಗೆ ಯುಎಲ್94 ಹಾಕಿ, ಎಕ್ಸಾಸ್ಟ್ ವಾಲ್ವ್ ಕೂರೋ ಜಾಗ ಸವೆಯುತ್ತಿರೋದು ಕಂಡು ಅದೇ ವರ್ಷ 100ಎಲ್‌ಎಲ್‌ಗೆ ವಾಪಸ್ ಹೋಯಿತು. ಅವರದು ಬೇರೆ ಎಂಜಿನ್, ದಿನಪೂರ್ತಿ ಹಾರಾಟ. ಆದರೂ ನಾವು ಪ್ರತಿ ಅನ್ಯುಯಲ್‌ನಲ್ಲಿ, ಅಂದರೆ ವರ್ಷಕ್ಕೊಮ್ಮೆಯ ತಪಾಸಣೆಯಲ್ಲಿ, ವಾಲ್ವ್‌ಗಳನ್ನು ಕ್ಯಾಮೆರಾ ಹಾಕಿ ನೋಡಿಸುತ್ತೇವೆ.

ಈಗ ಪರದೆಗೆ ಬರೋಣ. ಪರದೆ ಬೇಡವೇ ಬೇಡ ಅನ್ನೋನಲ್ಲ ನಾನು. ಹಳೇ ಮೀಟರಿನ ಜಾಗದಲ್ಲಿ ಕೂರೋ ಗಾರ್ಮಿನ್ ಜಿ5 ಅನ್ನೋ ಚಿಕ್ಕ ಪರದೆ ಎರಡು ಹಾಕಿಸಿದ್ದೇವೆ, ಕಾರಣ ಅಂದ ಅಲ್ಲ, ವ್ಯಾಕ್ಯೂಮ್ ಪಂಪ್. ಹಳೇ ವಿಮಾನದಲ್ಲಿ ದಿಗಂತ ತೋರಿಸೋ ಗೈರೊ, ದಿಕ್ಕಿನ ಗೈರೊ ಎರಡೂ ಎಂಜಿನ್‌ಗೆ ಕೂರಿಸಿದ ಆ ಪಂಪಿನ ಗಾಳಿಯಿಂದ ತಿರುಗುತ್ತವೆ. ಪಂಪಿನೊಳಗೆ ಕಾರ್ಬನ್ ಎಲೆಗಳಿವೆ, ಮುರಿದರೆ ಹೇಳಿ ಕೇಳಿ ಮುರಿಯೋದಿಲ್ಲ. ಗೈರೊ ತಕ್ಷಣ ಬೀಳೋದೂ ಇಲ್ಲ, ನಿಧಾನವಾಗಿ ವಾಲುತ್ತದೆ, ಮೋಡದೊಳಗಿದ್ದರೆ ಪೈಲಟ್ ಕೂಡ ಅದರ ಜೊತೆ ವಾಲುತ್ತಾನೆ. ಜಿ5ಗೆ ಪಂಪ್ ಬೇಡ, ಕರೆಂಟ್ ಹೋದರೆ ತನ್ನದೇ ಬ್ಯಾಟರಿಯಲ್ಲಿ ನಾಲ್ಕು ಗಂಟೆವರೆಗೆ ಓಡುತ್ತದೆ ಅನ್ನುತ್ತಾರೆ. ಎರಡು ಹಾಕಿದ್ದರಿಂದ ಪಂಪ್, ಕೊಳವೆ, ಫಿಲ್ಟರ್ ಎಲ್ಲ ಕಿತ್ತು ಹಾಕಿದೆವು. ಸಂಜೆ ಬಿಸಿಲು ಎದುರಿಗಿದ್ದರೂ ಪರದೆ ಚೆನ್ನಾಗಿ ಕಾಣುತ್ತದೆ. ಒಂದೇ ತಕರಾರು, ಮೂರೂವರೆ ಇಂಚಿನ ಪರದೆಯಲ್ಲಿ ಅಕ್ಷರ ಸಣ್ಣ. ನಲವತ್ತೈದು ದಾಟಿದವರು ಕನ್ನಡಕ ಮರೆಯಬೇಡಿ.

ಕೂರಿಸೋ ಕೆಲಸ ಬೇರೆ ಕಥೆ. ಉಪಕರಣದ ಬೆಲೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕೂಲಿ ಆಗುತ್ತದೆ. ನಮ್ಮ ವಿಮಾನ ಒಂದು ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಅಂಗಡಿಯಲ್ಲಿ, ಹೆಸರು ಬೇಡ, ಹೇಳಿದ್ದಕ್ಕಿಂತ ತಿಂಗಳುಗಟ್ಟಲೆ ಜಾಸ್ತಿ ಕೂತಿತ್ತು. ಫೋನ್ ಮಾಡಿದಾಗಲೆಲ್ಲ ‘ಮುಂದಿನ ವಾರ’. ಪ್ಯಾನೆಲ್ ಬಿಚ್ಚಿದಾಗ ಒಳಗೆ ಕಂಡದ್ದು ಐದು ದಶಕದ ವೈರಿನ ಜಡೆ. ಯಾವ ಕಾಲದಲ್ಲೋ ಸತ್ತ ಎಡಿಎಫ್ ರೇಡಿಯೊದ ವೈರು, ಎಲ್ಲಿಗೂ ಹೋಗದೆ ಮಧ್ಯದಲ್ಲಿ ಕತ್ತರಿಸಿ ಟೇಪ್ ಸುತ್ತಿದ ತುದಿಗಳು, ಮುಟ್ಟಿದರೆ ಪುಡಿಯಾಗೋ ಇನ್ಸುಲೇಷನ್. ಅದನ್ನೆಲ್ಲ ತೆಗೆಸಲು ದುಡ್ಡು ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ. ತೆಗೆದ ಮೇಲೆ ವಿಮಾನ ಮತ್ತೆ ತೂಕ ಮಾಡಿಸಿ. ಗರಿಷ್ಠ ತೂಕ 2,300 ಪೌಂಡ್, ಅದರಲ್ಲಿ ಒಂದೊಂದು ಪೌಂಡ್ ಉಳಿದರೂ ಲಾಭವೇ. ನಾಲ್ಕು ಸೀಟು ಅಂತ ಹೆಸರು ಅಷ್ಟೇ, ಟ್ಯಾಂಕ್ ತುಂಬಿಸಿದರೆ ಮೂರು ಜನ ದೊಡ್ಡವರು, ಒಂದು ಬ್ಯಾಗು.

ಎಡಿಎಸ್-ಬಿ, ಅಂದರೆ ವಿಮಾನ ಎಲ್ಲಿದೆ ಅಂತ ರೇಡಿಯೊದಲ್ಲಿ ತಾನೇ ಕಳಿಸೋ ಉಪಕರಣ, ಹಾಕಿಸಲೇಬೇಕು, ಆಯ್ಕೆ ಇಲ್ಲ. 2020ರ ಜನವರಿ 1ರಿಂದ ದೊಡ್ಡ ನಿಲ್ದಾಣಗಳ ಸುತ್ತ ಅದಿಲ್ಲದೆ ಹಾರುವ ಹಾಗಿಲ್ಲ, ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದಲ್ಲೇ ಇರೋ ನಮಗೆ ಅಂತೂ ಆಗೋದೇ ಇಲ್ಲ. ನಾನು ಹೇಳೋದು, ಕಳಿಸೋದರ ಜೊತೆಗೆ ಪಡೆಯೋದನ್ನೂ ಹಾಕಿಸಿ. ಐಪ್ಯಾಡ್‌ನಲ್ಲಿ ಸುತ್ತಲಿನ ವಿಮಾನ, ಮಳೆ, ಮೋಡದ ಮಾಹಿತಿ ಚಂದಾ ಇಲ್ಲದೆ ಬರುತ್ತದೆ. ಶನಿವಾರ ಬೆಳಿಗ್ಗೆ ಹಾಫ್ ಮೂನ್ ಬೇ ಕಡೆ ಹೋಗಿ ನೋಡಿ, ತಿಂಡಿಗೆ ಅಂತ ಹೊರಟವರದು ಜಾತ್ರೆ. ಯಾರು ಎಲ್ಲಿದ್ದಾರೆ ಅಂತ ಬರೀ ಕಣ್ಣಲ್ಲಿ ಹುಡುಕೋದು ಸಾಕಾಗಲ್ಲ.

ದುಡ್ಡು ದಂಡ ಅನ್ನಿಸೋದು ಯಾವುದು? ಲೆದರ್ ಸೀಟು. ಹೊಸ ಬಣ್ಣ ಕೂಡ, ತುಕ್ಕು ಇಲ್ಲದಿದ್ದರೆ. ಒಳಗಿನ ಪ್ಲಾಸ್ಟಿಕ್ ಎಲ್ಲ 172ರಲ್ಲೂ ಒಡೆದಿರುತ್ತದೆ, ಬಿಡಿ. 180 ಎಚ್‌ಪಿ ಎಂಜಿನ್‌ಗೆ ಬದಲಿಸೋ, ಏರ್ ಪ್ಲೇನ್ಸ್ ಅನ್ನೋ ಕಂಪನಿಯ ಕಿಟ್ ನಿಜವಾಗಿ ಆಸೆ ಹುಟ್ಟಿಸುತ್ತದೆ. ಬೇಸಿಗೆಯಲ್ಲಿ 6,200 ಅಡಿಗೂ ಎತ್ತರದ ಸೌತ್ ಲೇಕ್ ಟಾಹೊದಿಂದ ಏರುವಾಗ 150 ಎಚ್‌ಪಿಯ ನಿಜಬಣ್ಣ ಗೊತ್ತಾಗುತ್ತದೆ, ಗಾಳಿ ತೆಳು, ರನ್‌ವೇ ಮುಗಿಯುತ್ತಾ ಬರುತ್ತದೆ, ಇದು ಇನ್ನೂ ಯೋಚನೆ ಮಾಡುತ್ತಿರುತ್ತದೆ. ಆದರೆ ವರ್ಷಕ್ಕೊಮ್ಮೆ ಹೋಗೋ ಟಾಹೊಗೆ ಅಷ್ಟೊಂದು ದುಡ್ಡೇ? ಬೆಳಿಗ್ಗೆ ಬೇಗ ಹೊರಡಿ, ಟ್ಯಾಂಕ್ ಅರ್ಧ ಇಟ್ಟುಕೊಳ್ಳಿ, ಮಿಕ್ಸ್ಚರ್ ಸರಿಯಾಗಿ ಲೀನ್ ಮಾಡಿ, ಅಂದರೆ ತೆಳು ಗಾಳಿಗೆ ತಕ್ಕಂತೆ ಇಂಧನ ಕಡಿಮೆ ಮಾಡಿ. ಪುಕ್ಕಟೆ ಎಚ್‌ಪಿ ಅದು.

ಹಳೇತನದಲ್ಲಿ ಖುಷಿ ಕೊಡೋ ವಿಷಯಗಳೂ ಇವೆ. ಸ್ಪೀಡ್ ತೀರಾ ಇಳಿದು ರೆಕ್ಕೆ ಎತ್ತೋ ಬಲ ಕಳೆದುಕೊಳ್ಳೋ ಮುಂಚೆ ಕೂಗೋ ಸ್ಟಾಲ್ ಹಾರ್ನ್‌ಗೆ ವೈರೇ ಇಲ್ಲ. ಎಡ ರೆಕ್ಕೆಯ ಮುಂಚಾಚಿನಲ್ಲಿ ಒಂದು ತೂತು, ಅಲ್ಲಿಂದ ಗಾಳಿ ಹೀರಿದರೆ ಕ್ಯಾಬಿನ್‌ನಲ್ಲಿ ಪೀಪಿ ಊದುತ್ತದೆ. ಸರಿ ಇದೆಯಾ ಅಂತ ಪರೀಕ್ಷೆ ಮಾಡೋಕೆ ಕರ್ಚೀಫ್ ಅಡ್ಡ ಹಿಡಿದು ಬಾಯಲ್ಲಿ ಹೀರಬೇಕು, ನೋಡಿದವರು ಇವನಿಗೇನಾಯಿತು ಅಂದುಕೊಳ್ಳುತ್ತಾರೆ. ಇಂಧನದ ಮುಳ್ಳು ನಂಬೋ ಹಾಗಿಲ್ಲ, ರೆಕ್ಕೆಗೆ ಹತ್ತಿ ಅಳತೆ ಕೋಲು ಇಳಿಸಿ ನೋಡಲೇಬೇಕು. ಮೈಸೂರಿಂದ ಅಪ್ಪ ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಸೀರೆಯಲ್ಲಿ ಹತ್ತೋದಕ್ಕೆ ಈ ವಿಮಾನ ಪರವಾಗಿಲ್ಲ, ಚಕ್ರದ ಕಾಲಿನ ಮೇಲೊಂದು ಮೆಟ್ಟಿಲಿದೆ, ರೆಕ್ಕೆಯ ಮೇಲೆ ನಡೆಯೋ ಕಷ್ಟ ಇಲ್ಲ. ಅಪ್ಪನಿಗೆ ಕಿಟಕಿ ಇಷ್ಟವಾಯಿತು, ಹಾರುವಾಗಲೇ ತೆಗೆಯಬಹುದಲ್ಲ ಅಂತ. ಅಮ್ಮ ಇಳಿದ ಮೇಲೆ ‘ಇದಕ್ಕಿಂತ ನಮ್ಮ ಆಟೋನೇ ವಾಸಿ ಕಣೋ, ಇಷ್ಟು ನಡುಗಲ್ಲ’ ಅಂದರು. ನೆಲದ ಮೇಲೆ ಮುಂದಿನ ಚಕ್ರ ಗಡಗಡ ಅನ್ನೋದು ನಿಜ. ಆ ನಡುಕ ತಡೆಯೋ ಡ್ಯಾಂಪರ್ ರಿಪೇರಿ ಮಾಡಿಸಿದ ಮೇಲೆ ಸುಮಾರು ಸರಿ ಹೋಗಿದೆ.

ಕೊಳ್ಳೋ ಯೋಚನೆ ಇರೋ ನಮ್ಮವರಿಗೆ ಒಂದು ಕಾನೂನಿನ ವಿಷಯ. ಅಮೆರಿಕದಲ್ಲಿ ವಿಮಾನ ಸ್ವಂತ ಹೆಸರಿಗೆ ನೋಂದಾಯಿಸೋಕೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಎಚ್1ಬಿಯಲ್ಲಿದ್ದರೆ ಹಾರೋದು ಕಲಿಯಬಹುದು, ಅದಕ್ಕೂ ಮೊದಲು ಅಮೆರಿಕದ ಸಾರಿಗೆ ಭದ್ರತಾ ಇಲಾಖೆ ಟಿಎಸ್‌ಎ ಅನುಮತಿ ಆಗಬೇಕು, ಆದರೆ ವಿಮಾನ ನೇರವಾಗಿ ನಿಮ್ಮ ಹೆಸರಿಗೆ ಬರೋದಿಲ್ಲ. ಟ್ರಸ್ಟ್ ಮೂಲಕ ಮಾಡೋರಿದ್ದಾರೆ, ಖರ್ಚು ಜಾಸ್ತಿ. ಅಲ್ಲಿವರೆಗೆ ಬಾಡಿಗೆಯೇ ಸರಿ. ಇನ್ನೊಂದು, ನೆಂಟರು ‘ಲಾಸ್ ಏಂಜಲೀಸ್‌ಗೆ ಬಿಟ್ಟು ಬಾ, ದುಡ್ಡು ಕೊಡುತ್ತೇವೆ’ ಅಂದರೆ ಆಗಲ್ಲ ಅನ್ನಿ. ಪ್ರೈವೇಟ್ ಪೈಲಟ್ ಬಾಡಿಗೆ ಹೊಡೆಯೋ ಹಾಗಿಲ್ಲ. ಒಟ್ಟಿಗೆ ಹೋಗೋ ಕಡೆಗೆ ಇಂಧನದಂಥ ಖರ್ಚು ಸಮಪಾಲು ಮಾಡಿಕೊಳ್ಳಬಹುದು, ಅಷ್ಟೇ.

ಖರ್ಚಿನ ಲೆಕ್ಕ ಒರಟಾಗಿ ಹೇಳುತ್ತೇನೆ. ಹೊಸ 172 ನಾಲ್ಕು ಲಕ್ಷ ಡಾಲರ್ ದಾಟಿದೆ, ಹಳೇದು ಅದರ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಗಂಟೆಗೆ 8 ಗ್ಯಾಲನ್ ಕುಡಿಯುತ್ತದೆ. ವಿಮೆ, ಕಟ್ಟೋ ಜಾಗದ ಬಾಡಿಗೆ, ವರ್ಷಕ್ಕೊಮ್ಮೆ ಅನ್ಯುಯಲ್, ಇವು ಹಾರಿದರೂ ಹಾರದಿದ್ದರೂ ಬರೋ ಖರ್ಚು. ವರ್ಷಕ್ಕೆ ನೂರು ಗಂಟೆಯೂ ಹಾರದವರಿಗೆ ಬಾಡಿಗೆ ವಿಮಾನವೇ ಅಗ್ಗ. ಇಬ್ಬರು ಸೇರಿ ಕೊಂಡರೆ ಲೆಕ್ಕ ಸ್ವಲ್ಪ ಹತ್ತಿರ ಬರುತ್ತದೆ, ಎಂಜಿನ್‌ಗೂ ಒಳ್ಳೇದು, ಯಾರಾದರೊಬ್ಬರು ವಾರಕ್ಕೊಮ್ಮೆ ಓಡಿಸುತ್ತಾರೆ. ಆದರೆ ಪಾಲುದಾರರ ಜೊತೆ ಎಲ್ಲ ಬರೆದಿಟ್ಟುಕೊಳ್ಳಿ, ಎಷ್ಟೇ ಸ್ನೇಹ ಇರಲಿ. ಯಾರು ಯಾವ ವಾರ, ಎಂಜಿನ್ ನಿಧಿಗೆ ಗಂಟೆಗೆ ಎಷ್ಟು, ಒಬ್ಬರು ಬಿಟ್ಟರೆ ಬೆಲೆ ಕಟ್ಟೋದು ಹೇಗೆ.

ನಮ್ಮಿಬ್ಬರ ಮಧ್ಯೆ ಈಗ ಬಾಕಿ ಇರೋ ಜಗಳ ಆಟೋಪೈಲಟ್. ಅವರಿಗೆ ಬೇಕೇ ಬೇಕು, ಉದ್ದದ ದಾರಿಯಲ್ಲಿ ಕೈ ನೋಯುತ್ತದಂತೆ. ನನಗೆ ಆ ದುಡ್ಡು ಎಂಜಿನ್ ನಿಧಿಗೆ ಹೋಗಲಿ ಅಂತ. ಮುಂದಿನ ಅನ್ಯುಯಲ್ ಬಿಲ್ ಕೈಗೆ ಬರಲಿ, ಆಮೇಲೆ ಮಾತಾಡೋಣ ಅಂದಿದ್ದೇನೆ. ಅವರು ಆಗಲೇ ಕೊಟೇಶನ್ ತರಿಸಿ ಇಟ್ಟುಕೊಂಡಿದ್ದಾರೆ.